ಕೊಡಗಿನಲ್ಲಿ ಮನೆ ಕೊಳ್ಳುವ, ಮಾರುವ ಮುನ್ನ: ಪಹಣಿಯಿಂದ ಖಾತೆಯವರೆಗೆ

ಕೊಡಗಿನಲ್ಲಿ ಮನೆ ವ್ಯಾಪಾರ ಅರ್ಧಕ್ಕೆ ನಿಂತರೆ, ಕಾರಣ ಹೆಚ್ಚಾಗಿ ಮನೆಯ ಅಡಿಯ ಜಾಗದಲ್ಲೇ ಇರುತ್ತದೆ. ಮುಂಗಡ ಕೊಟ್ಟು, ಬ್ಯಾಂಕಿಗೆ ಸಾಲದ ಅರ್ಜಿ ಹಾಕಿದ ಮೇಲೆ ಆ ಜಾಗ ಬಾಣೆ (ಗದ್ದೆಗೆ ಸೇರಿದಂತೆ ಬಿಟ್ಟ ಜಾಗ) ಎಂದೋ, ಪಟ್ಟೇದಾರರು (ಕುಟುಂಬದ ಪರವಾಗಿ ದಾಖಲೆಯಲ್ಲಿ ಹೆಸರಿರುವವರು) ತೀರಿಹೋಗಿ ವರ್ಷಗಳಾಗಿವೆ ಎಂದೋ, ಮನೆಗೆ ಹೋಗುವ ದಾರಿ ಪಕ್ಕದವರ ತೋಟದೊಳಗಿದೆ ಎಂದೋ ತಿಳಿದುಬರುತ್ತದೆ. ಇವೆಲ್ಲ ಮೊದಲ ವಾರದಲ್ಲೇ ತಿಳಿಯಬಹುದಾದ ಸಂಗತಿಗಳು. ಅದಕ್ಕಾಗಿ ಜಾಗದ ಬಗೆ, ಹಕ್ಕುದಾರರು, ದಾರಿ ಮತ್ತು ನೀರು, ಋಣ, ಕೊನೆಗೆ ಬೆಲೆ ಎಂಬ ಅನುಕ್ರಮದಲ್ಲೇ ನೋಡುತ್ತಾ ಹೋಗಿ. ಬೆಲೆ ಮೊದಲು ಕುದುರಿದರೆ ಉಳಿದ ಪ್ರಶ್ನೆಗಳನ್ನು ಕೇಳಲು ಸಂಕೋಚ ಶುರುವಾಗುತ್ತದೆ.

ಮಾರುವವರಿಗೂ ಇದೇ ಮಾತು. ದಾಖಲೆ ಸರಿಪಡಿಸಿಕೊಂಡು ಮಾರಲು ಹೊರಟವರಿಗೆ ಒಳ್ಳೆಯ ಬೆಲೆ ಸಿಗುತ್ತದೆ. ಗಿರಾಕಿ ಬಂದ ಮೇಲೆ ಪೌತಿ ಖಾತೆಗೆ, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸಲು, ಓಡಾಡುವವರು ಆ ಗಿರಾಕಿಯನ್ನೂ ಕಳೆದುಕೊಳ್ಳುತ್ತಾರೆ.

ಪಹಣಿಯನ್ನು ಕಲಂ ಕಲಂ ಆಗಿ ಓದಿ

ಮನೆ ಪಟ್ಟಣದೊಳಗಿನ ನಿವೇಶನದಲ್ಲಿದ್ದರೆ ಖಾತೆಯಿಂದ ಶುರು ಮಾಡಬಹುದು. ಕೊಡಗಿನಲ್ಲಿ ಹೆಚ್ಚಿನ ಮನೆಗಳು ತೋಟದಲ್ಲೋ ತೋಟದಿಂದ ಬೇರ್ಪಟ್ಟ ಜಾಗದಲ್ಲೋ ಇರುವುದರಿಂದ, ಸರ್ವೆ ನಂಬರ್ ಕೇಳಿಕೊಂಡು ಭೂಮಿ ಪೋರ್ಟಲ್‌ನಲ್ಲಿ ಪಹಣಿ ತೆಗೆಯುವುದೇ ಮೊದಲ ಕೆಲಸ. ಮಾರುವವರು ಕೊಟ್ಟ ಹಳೆಯ ಜೆರಾಕ್ಸ್ ನೋಡಿ ತೃಪ್ತರಾಗಬೇಡಿ, ಈ ವರ್ಷದ ಪ್ರತಿಯನ್ನು ನೀವೇ ತೆಗೆಯಿರಿ.

ಕಲಂ 9ರಲ್ಲಿ ಸ್ವಾಧೀನದಾರರ ಹೆಸರು ಮತ್ತು ವಿಸ್ತೀರ್ಣ ಇರುತ್ತದೆ. ಅಲ್ಲಿ ಎಷ್ಟು ಹೆಸರುಗಳಿವೆಯೋ ಅಷ್ಟೂ ಜನ ನಿಮ್ಮ ವ್ಯವಹಾರಕ್ಕೆ ಬೇಕು. ಕಲಂ 10ರಲ್ಲಿ ಹಕ್ಕು ಹೇಗೆ ಬಂತು ಎಂಬುದಿದೆ: ಕ್ರಯ, ಪೌತಿ, ವಿಭಾಗ, ಮಂಜೂರಾತಿ. ಅದರ ಜೊತೆಗೆ ಎಂ.ಆರ್. (ಮ್ಯುಟೇಶನ್, ಅಂದರೆ ಹಕ್ಕು ಬದಲಾವಣೆಯ ರಿಜಿಸ್ಟರ್) ಸಂಖ್ಯೆಯೂ ಇರುತ್ತದೆ. ಆ ಸಂಖ್ಯೆ ಹಿಡಿದು ತಾಲೂಕು ಕಚೇರಿಯಲ್ಲಿ ಮ್ಯುಟೇಶನ್ ಪ್ರತಿ ತೆಗೆದರೆ, ಈಗಿನವರ ಹೆಸರು ಯಾವ ಪತ್ರದ ಆಧಾರದಲ್ಲಿ ಬಂತು ಎಂಬುದು ಗೊತ್ತಾಗುತ್ತದೆ. ಕಲಂ 11ರಲ್ಲಿ ಇತರ ಹಕ್ಕುಗಳು ಮತ್ತು ಋಣಗಳು: ಸಹಕಾರ ಸಂಘದ ಬೆಳೆ ಸಾಲ, ಬ್ಯಾಂಕಿನ ಅಡಮಾನ, ನ್ಯಾಯಾಲಯದ ತಡೆಯಾಜ್ಞೆ. ಈ ಕಲಂ ಖಾಲಿ ಇದ್ದರೆ ಒಳ್ಳೆಯದು, ಆದರೆ ಅದೊಂದೇ ಸಾಕ್ಷಿ ಸಾಲದು.

ವಿಸ್ತೀರ್ಣದ ಲೆಕ್ಕವನ್ನೂ ತಾಳೆ ನೋಡಿ. ಇಲ್ಲಿ ಮಾತು ಏಕರೆ, ಸೆಂಟಿನಲ್ಲಿ ನಡೆಯುತ್ತದೆ. 1 ಸೆಂಟ್ ಎಂದರೆ 435.6 ಚದರಡಿ, 10 ಸೆಂಟ್ ಮನೆ ಜಾಗ ಎಂದರೆ 4,356 ಚದರಡಿ. ಪಹಣಿ, ಆಕಾರ್‌ಬಂದ್ (ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆ) ಮತ್ತು ಸರ್ವೆ ನಕ್ಷೆ ಮೂರರಲ್ಲೂ ಒಂದೇ ಅಳತೆ ಇರಬೇಕು. ಒಂದು ಸರ್ವೆ ನಂಬರಿನಲ್ಲಿ ನಾಲ್ಕಾರು ಮಂದಿಯ ಹೆಸರಿದ್ದು ದುರಸ್ತಿ (ಪ್ರತಿಯೊಬ್ಬರ ಪಾಲನ್ನು ಅಳೆದು ಬೇರ್ಪಡಿಸುವುದು) ಆಗದಿದ್ದರೆ, ಯಾರ ಪಾಲು ಎಲ್ಲಿ ಎಂಬುದು ಕಾಗದದಲ್ಲಿ ಇಲ್ಲ ಎಂದೇ ಅರ್ಥ. ಅಂಥ ನಂಬರಿನ ಒಂದು ಭಾಗ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಆಗಲೇಬೇಕು, ಅದಿಲ್ಲದೆ ಕೃಷಿ ಜಮೀನಿನ ತುಂಡಿನ ಕ್ರಯ ನೋಂದಣಿಯಾಗುವುದಿಲ್ಲ. ಭೂಮಾಪಕರು ಅಳತೆಗೆ ಬಂದ ದಿನ ನೀವೂ ಸ್ಥಳದಲ್ಲಿರಿ. ಬೇಲಿ ಇರುವ ಜಾಗ ಒಂದು, ನಕ್ಷೆಯ ಗಡಿ ಇನ್ನೊಂದು ಆಗಿರುವುದು ಕಾಫಿ ತೋಟಗಳಲ್ಲಿ ಅಪರೂಪವೇನಲ್ಲ.

ಜಮ್ಮಾ, ಬಾಣೆ ಮತ್ತು ಐನ್‌ಮನೆ

ಹೊರಜಿಲ್ಲೆಯ ವಕೀಲರೂ ಎಡವುವುದು ಇಲ್ಲಿಯೇ. ಜಮ್ಮಾ ಎಂದರೆ ಅರ್ಧ ಕಂದಾಯದ ಮೇಲೆ ವಂಶಪಾರಂಪರ್ಯವಾಗಿ ಬಂದ ಹಿಡುವಳಿ. ಬಾಣೆ ಎಂದರೆ ಗದ್ದೆಗೆ ಹೊಂದಿಕೊಂಡಂತೆ ಸೊಪ್ಪು, ಸೌದೆ, ದನ ಮೇಯಿಸುವುದಕ್ಕೆಂದು ಕಂದಾಯವಿಲ್ಲದೆ ಬಿಟ್ಟುಕೊಟ್ಟ ಜಾಗ. 1899ರ ಕೊಡಗು ಭೂಕಂದಾಯ ರೆಗ್ಯುಲೇಷನ್ ಕಾಲದ ಈ ವಿಂಗಡಣೆ ಇಂದಿಗೂ ಪಹಣಿಯಲ್ಲಿ ಜೀವಂತವಾಗಿದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮಿನಲ್ಲೂ ಕೊಡಗಿನ ಜಮ್ಮಾ ಮತ್ತು ಬಾಣೆಯ ಪ್ರಸ್ತಾಪವಿದೆ. ಆಮೇಲೆ ಬಾಣೆಯಲ್ಲಿ ಕಾಫಿ ಬಂತು, ಮನೆಗಳೂ ಬಂದವು. ಕೆಲವು ಬಾಣೆಗಳು ಕಂದಾಯಕ್ಕೆ ಒಳಪಟ್ಟವು, ಕೆಲವು ಇಂದಿಗೂ ಇಲ್ಲ.

ಆದ್ದರಿಂದ ‘ಬಾಣೆ ಮಾರಬಹುದೇ?’ ಎಂಬ ಪ್ರಶ್ನೆಗೆ ಇಡೀ ಜಿಲ್ಲೆಗೆ ಅನ್ವಯವಾಗುವ ಒಂದೇ ಉತ್ತರವಿಲ್ಲ. ಈ ವಿಷಯದಲ್ಲಿ ಕಾಯ್ದೆಗೆ ತಿದ್ದುಪಡಿಗಳಾಗಿವೆ, ನ್ಯಾಯಾಲಯಗಳ ತೀರ್ಪುಗಳೂ ಇವೆ. ನೀವು ಕೇಳಬೇಕಾದದ್ದು ನಿರ್ದಿಷ್ಟವಾಗಿ ಆ ಸರ್ವೆ ನಂಬರಿನ ಬಗ್ಗೆ: ಕಂದಾಯ ನಿಗದಿಯಾಗಿದೆಯೇ, ಆಗಿದ್ದರೆ ಆದೇಶದ ಪ್ರತಿ ಎಲ್ಲಿ, ಯಾವ ಗದ್ದೆಗೆ ಸೇರಿದ ಬಾಣೆ, ಆ ಗದ್ದೆ ಈಗ ಯಾರ ಹೆಸರಿನಲ್ಲಿದೆ. ಬಾಯಿಮಾತಿನ ‘ಎಲ್ಲ ಸರಿಯಿದೆ’ಯನ್ನು ಒಪ್ಪಿಕೊಳ್ಳಬೇಡಿ.

ಎರಡನೆಯದು ಹೆಸರಿನ ಪ್ರಶ್ನೆ. ಜಮ್ಮಾ ಹಿಡುವಳಿ ಒಕ್ಕದ (ಒಂದೇ ಮೂಲದ ಕುಟುಂಬದ) ಪರವಾಗಿ ಪಟ್ಟೇದಾರರ ಹೆಸರಿನಲ್ಲಿರುತ್ತದೆ. ಪಹಣಿಯಲ್ಲಿ ಒಂದೇ ಹೆಸರು ಕಂಡರೂ ಹಕ್ಕು ಒಕ್ಕದವರೆಲ್ಲರದ್ದು. ಪಟ್ಟೇದಾರರೊಬ್ಬರೇ ಸಹಿ ಹಾಕಿದ ಕ್ರಯಪತ್ರವನ್ನು ನಂಬಿ ಹಣ ಕೊಟ್ಟರೆ, ಮುಂದೆ ಪಾಲಿನ ದಾವೆಯಲ್ಲಿ ನೀವೂ ಪ್ರತಿವಾದಿಯಾಗುತ್ತೀರಿ. ವಂಶವೃಕ್ಷ ಕೇಳಿ, ಅದರಲ್ಲಿನ ಪ್ರತಿ ಕವಲನ್ನೂ ನೋಡಿ: ತೀರಿಹೋದವರ ಮರಣ ಪತ್ರ, ಅವರ ವಾರಸುದಾರರು, ಬೆಂಗಳೂರಿನಲ್ಲೋ ಸೇನೆಯಲ್ಲೋ ಇರುವವರು. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಬಿಟ್ಟು ಬರೆದ ವಂಶವೃಕ್ಷ ಅಪೂರ್ಣ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಮಗಳೂ ಹುಟ್ಟಿನಿಂದಲೇ ಸಹಭಾಗಿ. ತಂದೆ 2005ಕ್ಕೆ ಮೊದಲೇ ತೀರಿಹೋಗಿದ್ದರೂ ಈ ಹಕ್ಕು ಇದೆ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ಪಾಲಾಗಿದೆ ಎನ್ನುವವರು ನೋಂದಾಯಿತ ವಿಭಾಗ ಪತ್ರವನ್ನೋ ನ್ಯಾಯಾಲಯದ ಡಿಕ್ರಿಯನ್ನೋ ತೋರಿಸಲಿ.

ಐನ್‌ಮನೆಯ ಪಾಲಿನ ಬಗ್ಗೆ ವಿಶೇಷವಾಗಿ ಹೇಳಬೇಕು. ಅದು ಒಕ್ಕದ ಹಿರಿಯರ ಮೂಲಮನೆ. ಒಕ್ಕದ ಒಬ್ಬರು ‘ನನ್ನ ಪಾಲು ಮಾರುತ್ತೇನೆ’ ಎಂದು ಹೊರಗಿನವರಿಗೆ ಮಾರಿದರು ಎನ್ನಿ. ಆಸ್ತಿ ವರ್ಗಾವಣೆ ಕಾಯ್ದೆಯ 44ನೇ ಕಲಮಿನಂತೆ, ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಪಾಲು ಕೊಂಡ ಹೊರಗಿನವರಿಗೆ ಆ ಮನೆಯೊಳಗೆ ಜಂಟಿಯಾಗಿ ವಾಸಿಸುವ ಹಕ್ಕು ಬರುವುದಿಲ್ಲ. ಅವರು ಪಾಲು ಕೇಳಿ ದಾವೆ ಹೂಡಿದರೆ, 1893ರ ವಿಭಾಗ ಕಾಯ್ದೆಯ 4ನೇ ಕಲಮಿನಂತೆ ಕುಟುಂಬದವರು ನ್ಯಾಯಾಲಯ ಗೊತ್ತುಮಾಡಿದ ಬೆಲೆಗೆ ಆ ಪಾಲನ್ನು ಹಿಂದಕ್ಕೆ ಕೊಳ್ಳಬಹುದು. ಹಣ ಕೊಟ್ಟವರಿಗೆ ಮನೆಯೂ ಇಲ್ಲ, ನೆಮ್ಮದಿಯೂ ಇಲ್ಲ. ಪಾಲು ಬೇಕೇ ಬೇಕೆಂದಿದ್ದರೆ ಮೊದಲು ಅವರೊಳಗೇ ನೋಂದಾಯಿತ ವಿಭಾಗವಾಗಲಿ, ಆಮೇಲೆ ಬೇರ್ಪಟ್ಟ ಭಾಗ ಕೊಳ್ಳಿ. ಕೈಮಡ (ಹಿರಿಯರ ಗುಡಿ), ಐನ್‌ಮನೆಯಂಥ ಜಾಗಗಳನ್ನು ಒಕ್ಕಕ್ಕೇ ಬಿಡುವುದು ಒಳ್ಳೆಯದು ಎಂಬುದು ನಮ್ಮ ಸ್ಪಷ್ಟ ಸಲಹೆ.

ಮರಗಳ ವಿಷಯವೂ ಇಲ್ಲೇ ಬರುತ್ತದೆ. ‘ಅನ್‌ರಿಡೀಮ್ಡ್’ ಎಂದು ದಾಖಲಾದ ಜಾಗದಲ್ಲಿ ಮರದ ಮೌಲ್ಯವನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡಿಲ್ಲ, ಅಂದರೆ ಮರ ನಿಮ್ಮದಲ್ಲ. ‘ಮರಮಟ್ಟು ಸಮೇತ’ ಎಂದು ಕ್ರಯಪತ್ರದಲ್ಲಿ ಬರೆಸಿಕೊಂಡರೂ ಹಕ್ಕು ಹುಟ್ಟುವುದಿಲ್ಲ. ತೋಟದಲ್ಲಿ ಬೀಟೆ ಮರ ತೋರಿಸಿ ಬೆಲೆ ಏರಿಸಿದರೆ ರಿಡೀಮ್ಡ್ ಹೌದೋ ಅಲ್ಲವೋ ಕೇಳಿ.

ಮಂಜೂರಾದ ಜಾಗ, ಪೈಸಾರಿ

ಪೈಸಾರಿ ಸರ್ಕಾರಿ ಜಾಗ. ಅದರಲ್ಲಿ ಕಟ್ಟಿದ ಮನೆಗೆ ಕರೆಂಟು, ಮನೆಗಂದಾಯದ ರಸೀದಿ, ರೇಷನ್ ಕಾರ್ಡ್ ಎಲ್ಲ ಇರಬಹುದು. ಇವು ಯಾವುವೂ ಮಾಲೀಕತ್ವದ ದಾಖಲೆಗಳಲ್ಲ. ಸಿ ಮತ್ತು ಡಿ ದರ್ಜೆಯ ಸರ್ಕಾರಿ ಜಾಗದ ಬಗ್ಗೆ ಅರಣ್ಯ ಮತ್ತು ಕಂದಾಯ ಇಲಾಖೆಗಳ ನಡುವೆ ತಕರಾರು ಇರುವ ಕಡೆ ಕೈ ಹಾಕದಿರುವುದೇ ಲೇಸು.

ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಯನ್ನು ಸಕ್ರಮಗೊಳಿಸುವ 94ಸಿ ಅಡಿ ಹಕ್ಕುಪತ್ರ ಸಿಕ್ಕ ಮನೆ, ಅಕ್ರಮ ಸಕ್ರಮದಲ್ಲಿ ಮಂಜೂರಾದ ಜಮೀನು ಆದರೆ ಮಂಜೂರಾತಿ ಆದೇಶದ ಷರತ್ತುಗಳನ್ನು ಪೂರ್ತಿ ಓದಿ. ಇಂತಿಷ್ಟು ವರ್ಷ ಪರಭಾರೆ ಮಾಡಕೂಡದು ಎಂಬ ಷರತ್ತು ಅಲ್ಲಿರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಕಡ್ಡಾಯ. ಅನುಮತಿಯಿಲ್ಲದ ಕ್ರಯ ಶೂನ್ಯ, ಜಮೀನು ಮೂಲ ಮಂಜೂರಾತಿದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳುತ್ತದೆ. ತಡವಾಗಿ ಅರ್ಜಿ ಹಾಕಿದರು ಎಂಬ ವಾದಕ್ಕೆ 2023ರ ತಿದ್ದುಪಡಿಯ ನಂತರ ಹಿಂದಿನ ಬಲವಿಲ್ಲ. ನಡುವೆ ಮೂರು ಕೈ ಬದಲಾಗಿದ್ದರೂ ಮೂಲ ಮಂಜೂರಾತಿ ಯಾರಿಗೆ ಎಂಬಲ್ಲಿಗೇ ಹೋಗಿ ನೋಡಬೇಕು.

ಪರಿವರ್ತನೆ ಮತ್ತು ಖಾತೆ

ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಬಹುದೇ ಎಂಬುದು ಹೊರಗಿನವರ ಸಾಮಾನ್ಯ ಪ್ರಶ್ನೆ. ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು 2020ರಲ್ಲಿ ರದ್ದಾದ್ದರಿಂದ ಕೊಳ್ಳಬಹುದು. ಆದರೆ ವಿದೇಶದಲ್ಲಿ ನೆಲೆಸಿದ ಅನಿವಾಸಿ ಭಾರತೀಯರು ಕೃಷಿ ಜಮೀನು, ತೋಟ, ತೋಟದ ಮನೆ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು, ಮಾರುವಾಗ ಭಾರತದಲ್ಲಿ ನೆಲೆಸಿದವರಿಗೇ ಮಾರಬೇಕು. ಮಕ್ಕಳು ವಿದೇಶದಲ್ಲಿರುವ ಕುಟುಂಬಗಳು ಇದನ್ನು ನೆನಪಿಡಬೇಕು.

ತೋಟದ ಮಧ್ಯದ ಮನೆಗೆ ಕೃಷಿಯೇತರ ಬಳಕೆಗೆಂದು ಭೂ ಪರಿವರ್ತನೆ ಆಗಿರದಿದ್ದರೆ ಅದು ತೋಟದ ಭಾಗವಾಗಿಯೇ ಮಾರಾಟವಾಗುತ್ತದೆ, ಬ್ಯಾಂಕುಗಳು ಅದಕ್ಕೆ ಗೃಹಸಾಲ ಕೊಡಲು ಹಿಂಜರಿಯುತ್ತವೆ. ಮನೆಯನ್ನಷ್ಟೇ ಬೇರ್ಪಡಿಸಿ ಮಾರಬೇಕಾದರೆ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂ ಪರಿವರ್ತನೆ ಆದೇಶ ಬೇಕು. ಇಲ್ಲಿನವರು ‘ಅಲಿನೇಷನ್’ ಎಂದು ಕರೆಯುವುದು ಇದನ್ನೇ. ಆದೇಶದಲ್ಲಿ ಯಾವ ಉದ್ದೇಶಕ್ಕೆ ಎಂದು ನೋಡಿ: ವಾಸಕ್ಕೆಂದು ಪರಿವರ್ತನೆಯಾದ ಜಾಗದಲ್ಲಿ ರೆಸಾರ್ಟ್ ನಡೆಸಲು ಅದು ಸಾಲದು. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ವನ್ಯಧಾಮಗಳ ಅಥವಾ ನಾಗರಹೊಳೆಯ ಅಂಚಿನ ಗ್ರಾಮವಾದರೆ ಪರಿಸರ ಸೂಕ್ಷ್ಮ ವಲಯದ ಪಟ್ಟಿಯಲ್ಲಿ ಆ ಸರ್ವೆ ನಂಬರ್ ಇದೆಯೇ ಎಂದೂ ವಿಚಾರಿಸಿ.

ಪರಿವರ್ತನೆಯ ನಂತರ ಗ್ರಾಮ ಪಂಚಾಯಿತಿಯಲ್ಲಿ ಇ-ಸ್ವತ್ತು (ಪಂಚಾಯಿತಿ ಆಸ್ತಿಗಳ ಗಣಕೀಕೃತ ದಾಖಲೆ) ತಂತ್ರಾಂಶದ ನಮೂನೆ 9 ಮತ್ತು 11ಎ, ಪಟ್ಟಣದಲ್ಲಿ ಇ-ಖಾತೆ. ಇ-ಖಾತೆಯಿಲ್ಲದೆ ಈಗ ಕಾವೇರಿ ತಂತ್ರಾಂಶದಲ್ಲಿ ನಿವೇಶನ, ಮನೆಯ ನೋಂದಣಿ ಮುಂದೆ ಸಾಗುವುದಿಲ್ಲ. ಪಂಚಾಯಿತಿಯ 11ಬಿ, ಪಟ್ಟಣದ ಬಿ ಖಾತೆ ತೋರಿಸಿದರೆ ಬಡಾವಣೆಯೋ ಕಟ್ಟಡವೋ ಪೂರ್ತಿ ಕ್ರಮಬದ್ಧವಾಗಿಲ್ಲ ಎಂದು ತಿಳಿದು ಮುಂದುವರಿಯಿರಿ. ಮಡಿಕೇರಿ ಸುತ್ತಮುತ್ತ ಮೂಡಾದ (ಮಡಿಕೇರಿ ನಗರಾಭಿವೃದ್ಧಿ ಪ್ರಾಧಿಕಾರದ) ನಕ್ಷೆ ಅನುಮೋದನೆಯನ್ನೂ ಕೇಳಿ.

‘ಕಾಫಿ ತೋಟದ ನಡುವೆ ನಿಮ್ಮದೇ 10 ಸೆಂಟ್’ ಎಂಬ ಜಾಹೀರಾತುಗಳ ಬಗ್ಗೆ ಎಚ್ಚರ. ಪರಿವರ್ತನೆಯೂ ಇಲ್ಲದ, ಬಡಾವಣೆ ಅನುಮೋದನೆಯೂ ಇಲ್ಲದ ತೋಟವನ್ನು ಕಾಗದದ ಮೇಲೆ ತುಂಡು ಮಾಡಿ, ಅವಿಭಾಜ್ಯ ಪಾಲು ಎಂದು ಬರೆದುಕೊಡುತ್ತಾರೆ. ಅಲ್ಲಿ ಮನೆ ಕಟ್ಟಲು ಪರವಾನಗಿ ಸಿಗುವುದಿಲ್ಲ, ನಿಮ್ಮ ತುಂಡು ಯಾವುದೆಂದು ತೋರಿಸಲು ನಕ್ಷೆಯೂ ಇರುವುದಿಲ್ಲ. 500 ಚದರ ಮೀಟರಿಗಿಂತ ದೊಡ್ಡ ಬಡಾವಣೆ ಯೋಜನೆಯಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಕೇಳಿ.

ದಾರಿ, ನೀರು, ಬರೆ

ಮನೆಗೆ ಹೋಗುವ ದಾರಿ ಪಂಚಾಯಿತಿ ರಸ್ತೆಯೇ, ನಕ್ಷೆಯಲ್ಲಿ ಗುರುತಿಸಿದ ದಾರಿಯೇ, ಅಥವಾ ಪಕ್ಕದ ತೋಟದವರ ಸೌಜನ್ಯವೇ? 20 ವರ್ಷ ಅಡೆತಡೆಯಿಲ್ಲದೆ, ಹಕ್ಕೆಂದೇ ಬಳಸಿದ ದಾರಿಗೆ 1882ರ ಈಸ್‌ಮೆಂಟ್ ಕಾಯ್ದೆಯಡಿ ಹಕ್ಕು ಸ್ಥಾಪಿಸಬಹುದು. ಆದರೆ ಅನುಮತಿಯ ಮೇಲೆ ಓಡಾಡಿದ್ದರೆ ಅದು ಹಕ್ಕಾಗುವುದಿಲ್ಲ. ದಾರಿಯ ಹಕ್ಕನ್ನು ನ್ಯಾಯಾಲಯದಲ್ಲಿ ಸಾಬೀತು ಮಾಡಲು ವರ್ಷಗಳೇ ಹಿಡಿಯುತ್ತವೆ. ಅದಕ್ಕಿಂತ, ಕ್ರಯಕ್ಕೆ ಮುನ್ನವೇ ಪಕ್ಕದ ಮಾಲೀಕರಿಂದ ದಾರಿಯ ಅಗಲ, ಉದ್ದ, ವಾಹನ ಹೋಗಬಹುದೇ ಎಂಬುದನ್ನು ನಮೂದಿಸಿ ನೋಂದಾಯಿತ ಪತ್ರ ಮಾಡಿಸಿಕೊಳ್ಳಿ. ‘ನಡೆದಾಡುವ ದಾರಿ’ ಎಂದಷ್ಟೇ ಬರೆದರೆ ಮನೆ ಕಟ್ಟುವ ದಿನ ಜಲ್ಲಿ ಲಾರಿಯನ್ನು ತಡೆಯುತ್ತಾರೆ. ಪಕ್ಕದ ಜಾಗದ ಒರತೆಯಿಂದ ಪೈಪಿನಲ್ಲಿ ನೀರು ಬರುತ್ತಿದ್ದರೆ ಅದಕ್ಕೂ ಇದೇ ರೀತಿ ಪತ್ರವಾಗಬೇಕು.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮಾದಾಪುರ ಕಡೆ, 2019ರಲ್ಲಿ ತೋರದಲ್ಲಿ ಆದ ಭೂಕುಸಿತಗಳನ್ನು ಜಿಲ್ಲೆಯವರಿಗೆ ನೆನಪಿಸಬೇಕಿಲ್ಲ. ಕಾಗದ ಎಷ್ಟೇ ಶುದ್ಧವಿದ್ದರೂ ಮನೆಯ ಹಿಂದಿನ ಬರೆಯನ್ನು (ಕಡಿದಾದ ಮಣ್ಣಿನ ಇಳಿಜಾರನ್ನು) ನೋಡದೆ ಮುಂದುವರಿಯಬೇಡಿ. ಗುಡ್ಡ ಕಡಿದು ಮಟ್ಟ ಮಾಡಿದ ಜಾಗವೇ, ಕಡಿದ ಮಣ್ಣನ್ನೇ ಮುಂದೆ ತುಂಬಿ ಅದರ ಮೇಲೆ ಮನೆ ನಿಲ್ಲಿಸಿದ್ದಾರೆಯೇ, ತಡೆಗೋಡೆಯಲ್ಲಿ ನೀರು ಹೊರಹೋಗುವ ಕಿಂಡಿಗಳಿವೆಯೇ, ಮಳೆನೀರಿನ ತೋಡನ್ನು ಮುಚ್ಚಿದ್ದಾರೆಯೇ? ನೆಲದಲ್ಲಿ ಕಮಾನಿನಾಕಾರದ ಬಿರುಕು, ವಾಲಿದ ಬೇಲಿಗಂಬ, ಬರೆಯ ಬುಡದಲ್ಲಿ ಹೊಸದಾಗಿ ಒಸರುವ ನೀರು ಕಂಡರೆ ಜಾಗ ಸರಿಯುತ್ತಿರಬಹುದು. ಸಾಧ್ಯವಾದರೆ ಜುಲೈ ಮಳೆಯಲ್ಲಿ ಒಮ್ಮೆ ಹೋಗಿ. ಬೇಸಿಗೆಯಲ್ಲಿ ನೋಡಿದ ಮನೆ ಅರ್ಧ ಮಾತ್ರ ನೋಡಿದಂತೆ.

ತೋಟದ ಜೊತೆ ಕಾರ್ಮಿಕರ ಲೈನ್‌ಮನೆಗಳಿದ್ದರೆ ಅಲ್ಲಿ ವಾಸವಿರುವವರು ಯಾರು, ಅವರಿಗೆ ಬರಬೇಕಾದ ಬಾಕಿ, ಗ್ರಾಚ್ಯುಟಿ ಯಾರು ಕೊಡಬೇಕು ಎಂಬುದನ್ನೂ ಕರಾರಿನಲ್ಲಿ ಬರೆಯಿರಿ. ತಲೆಮಾರುಗಳಿಂದ ದುಡಿದವರ ಸೂರನ್ನು ಬಾಯಿಮಾತಿಗೆ ಬಿಡಬಾರದು.

ಋಣ ಇದೆಯೇ?

ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ.ಯನ್ನು 30 ವರ್ಷಕ್ಕೆ ತೆಗೆಯಿರಿ. 2004ರ ಏಪ್ರಿಲ್‌ನಿಂದ ಈಚಿನದು ಕಾವೇರಿ ಪೋರ್ಟಲ್‌ನಲ್ಲಿ ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಹಾಕಬೇಕು. ನಮೂನೆ 15 ಬಂದರೆ ವ್ಯವಹಾರಗಳು ದಾಖಲಾಗಿವೆ ಎಂದರ್ಥ, ನಮೂನೆ 16 ಬಂದರೆ ಏನೂ ಇಲ್ಲ. ಸರ್ವೆ ನಂಬರ್ ತಪ್ಪಾಗಿ ಹಾಕಿದರೂ ನಮೂನೆ 16 ಬರುತ್ತದೆ, ಆದ್ದರಿಂದ ಹಳೆಯ ಪತ್ರದಲ್ಲಿನ ಚೆಕ್ಕುಬಂದಿಯೊಂದಿಗೆ ತಾಳೆ ನೋಡಿ. ಪತ್ರ ಠೇವಣಿ ಇಟ್ಟು ತೆಗೆದ ಸಾಲ ಕೆಲವೊಮ್ಮೆ ಇ.ಸಿ.ಯಲ್ಲಿ ಕಾಣುವುದಿಲ್ಲ, ಹಾಗಾಗಿ ಅಡಮಾನಗಳನ್ನು ದಾಖಲಿಸುವ ಸೆರ್ಸಾಯ್ ಜಾಲತಾಣದಲ್ಲೂ ಹುಡುಕಿ. ಅದಕ್ಕಿಂತ ಮುಖ್ಯವಾಗಿ ಮೂಲಪತ್ರಗಳನ್ನು ಕಣ್ಣಾರೆ ನೋಡಿ. ‘ಮೂಲಪತ್ರ ಕಳೆದುಹೋಗಿದೆ’ ಎಂದರೆ ಅದು ಎಲ್ಲೋ ಅಡಮಾನದಲ್ಲಿದೆ ಎಂಬ ಅನುಮಾನ ಇಟ್ಟುಕೊಂಡೇ ವಿಚಾರಿಸಬೇಕು.

ಮಾರುವವರು ಸಾಲ ತೀರಿಸಿದ ಮಾತ್ರಕ್ಕೆ ಕಲಂ 11ರ ನಮೂದು ತಾನಾಗಿ ಅಳಿಯುವುದಿಲ್ಲ. ಸಂಘದಿಂದಲೋ ಬ್ಯಾಂಕಿನಿಂದಲೋ ಋಣಮುಕ್ತ ಪತ್ರ ಪಡೆದು, ನಮೂದು ತೆಗೆಸಿ, ಹೊಸ ಪಹಣಿ ತೋರಿಸಿ.

ಕರಾರು ಮತ್ತು ಮುಂಗಡ

ಇಷ್ಟಾದ ಮೇಲೆ ಕರಾರು. ಜಿಲ್ಲೆಯವರು ಓದುವ ದಿನಪತ್ರಿಕೆಯಲ್ಲಿ ವಕೀಲರ ಮೂಲಕ ಸಾರ್ವಜನಿಕ ಪ್ರಕಟಣೆ ಕೊಟ್ಟು, ತಕರಾರಿದ್ದವರು ಮುಂದೆ ಬರಲು ಕಾಲಾವಕಾಶ ಕೊಡುವುದು ಒಳ್ಳೆಯ ರೂಢಿ. ಕುಟುಂಬದ ಆಸ್ತಿಯಾದರೆ ಇದನ್ನು ಬಿಡಲೇಬಾರದು.

ಮುಂಗಡ ಶೇ 10 ಮೀರದಿರಲಿ. ನಗದಿನ ಮಾತು ಬಂದರೆ ನಿರಾಕರಿಸಿ: ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಕರಾರಿನಲ್ಲಿ ಯಾವ ದಾಖಲೆ ಯಾರು ಯಾವ ದಿನಾಂಕದೊಳಗೆ ತರಬೇಕು, ತರದಿದ್ದರೆ ಮುಂಗಡ ಎಷ್ಟು ದಿನದಲ್ಲಿ ವಾಪಸ್ ಎಂಬುದು ಇರಲಿ. ಕರಾರಿನ ಮೇಲೆ ಮನೆಯ ಸ್ವಾಧೀನ ಕೊಟ್ಟರೆ ಕ್ರಯಕ್ಕೆ ತಗಲುವಷ್ಟೇ ಮುದ್ರಾಂಕ ಶುಲ್ಕ ತಗಲುತ್ತದೆ. 2001ರ ಸೆಪ್ಟೆಂಬರ್ ನಂತರ ಅಂಥ ಕರಾರು ನೋಂದಣಿಯಾಗದಿದ್ದರೆ ಸ್ವಾಧೀನಕ್ಕೆ ಕಾನೂನಿನ ರಕ್ಷಣೆಯೂ ಇಲ್ಲ. ಬೀಗದ ಕೈ ಕ್ರಯದ ದಿನವೇ ಬದಲಾಗಲಿ.

ಸಹಿ ಹಾಕಬೇಕಾದವರು ದುಬೈಯಲ್ಲೋ ಕೆನಡಾದಲ್ಲೋ ಇದ್ದರೆ ಅಧಿಕಾರಪತ್ರ ಬೇಕು. ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಿದ ಪತ್ರಕ್ಕೆ, ಇಲ್ಲಿಗೆ ತಲುಪಿದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಕೊಟ್ಟವರು ತೀರಿಹೋದರೆ ಸಾಮಾನ್ಯ ಅಧಿಕಾರಪತ್ರಕ್ಕೆ (ಜಿ.ಪಿ.ಎ.) ಬೆಲೆಯಿಲ್ಲ, ನೋಂದಣಿಯ ದಿನ ಅವರೊಂದಿಗೆ ವಿಡಿಯೊ ಕರೆಯಲ್ಲಿ ಮಾತನಾಡಿ. ಇನ್ನು ಜಿ.ಪಿ.ಎ. ಮೂಲಕವೇ ಮನೆ ‘ಮಾರುವ’ ಪದ್ಧತಿಯಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ.

ನೋಂದಣಿಯ ಖರ್ಚು, ತೆರಿಗೆ

ಕ್ರಯಪತ್ರದ ಕರಡನ್ನು ಕಾವೇರಿ 2.0ರಲ್ಲಿ ಹಾಕಿದರೆ ಉಪನೋಂದಣಾಧಿಕಾರಿ ಪರಿಶೀಲಿಸಿ ಶುಲ್ಕ ತಿಳಿಸುತ್ತಾರೆ, ಕಟ್ಟಿದ ಮೇಲೆ ದಿನ ಗೊತ್ತುಮಾಡಿಕೊಳ್ಳಬಹುದು. ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಶೇ 10 ಸೆಸ್, ಗ್ರಾಮಾಂತರದಲ್ಲಿ ಶೇ 3 ಮತ್ತು ಪಟ್ಟಣದಲ್ಲಿ ಶೇ 2 ಸರ್ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. ಹಳ್ಳಿಯಲ್ಲಿ 60 ಲಕ್ಷ ರೂಪಾಯಿಯ ಮನೆಗೆ ಲೆಕ್ಕ ಹೀಗೆ: ಮುದ್ರಾಂಕ 3,00,000, ಸೆಸ್ 30,000, ಸರ್ಚಾರ್ಜ್ 9,000, ನೋಂದಣಿ 1,20,000, ಒಟ್ಟು 4,59,000 ರೂಪಾಯಿ. ಮಾತಾಡಿದ ಬೆಲೆ ಸರ್ಕಾರದ ಮಾರ್ಗಸೂಚಿ ಬೆಲೆಗಿಂತ ಕಡಿಮೆಯಿದ್ದರೆ ಮಾರ್ಗಸೂಚಿ ಬೆಲೆಯ ಮೇಲೆಯೇ ಶುಲ್ಕ.

ಮನೆಯ ಬೆಲೆ 50 ಲಕ್ಷ ಅಥವಾ ಹೆಚ್ಚಾದರೆ ಕೊಳ್ಳುವವರು ಶೇ 1 ಟಿ.ಡಿ.ಎಸ್. (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಮಾರುವವರು ಅನಿವಾಸಿಯಾದರೆ ಈ ಶೇ 1 ಸಾಲದು, ದರ ಬಹಳ ಹೆಚ್ಚು. ಅವರು ಮೊದಲೇ ಆದಾಯ ತೆರಿಗೆ ಇಲಾಖೆಯಿಂದ ಕಡಿಮೆ ಕಡಿತದ ಪ್ರಮಾಣಪತ್ರ ತರಲಿ. ಕಡಿಮೆ ಹಿಡಿದರೆ ಹೊಣೆ ಕೊಂಡವರ ಮೇಲೆ.

ಮಾರುವವರಿಗೆ, 24 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡ ಮನೆಯ ಲಾಭಕ್ಕೆ ಶೇ 12.5 ತೆರಿಗೆ. 2024ರ ಜುಲೈ 23ಕ್ಕೆ ಮೊದಲು ಕೊಂಡದ್ದಾದರೆ, ಇಲ್ಲೇ ನೆಲೆಸಿದವರು ಹಣದುಬ್ಬರ ಕಳೆದು ಶೇ 20ರ ಲೆಕ್ಕ ಮಾಡಿ, ಎರಡರಲ್ಲಿ ಕಡಿಮೆಯದನ್ನು ಕಟ್ಟಬಹುದು. ಲಾಭದ ಹಣದಲ್ಲಿ 2 ವರ್ಷದೊಳಗೆ ಇನ್ನೊಂದು ಮನೆ ಕೊಂಡರೆ ಅಥವಾ 3 ವರ್ಷದೊಳಗೆ ಕಟ್ಟಿದರೆ ವಿನಾಯಿತಿ ಇದೆ. ಗ್ರಾಮಾಂತರ ಕೃಷಿ ಜಮೀನಿನ ಲಾಭಕ್ಕೆ ಈ ತೆರಿಗೆಯೇ ಇಲ್ಲ. ಆದರೆ ಮಡಿಕೇರಿಯಂಥ, 10,000ದಿಂದ 1 ಲಕ್ಷದವರೆಗೆ ಜನಸಂಖ್ಯೆಯ ಪಟ್ಟಣದ ಗಡಿಯಿಂದ ನೇರ ದೂರ 2 ಕಿಲೋಮೀಟರಿನೊಳಗಿನ ತೋಟ ಗ್ರಾಮಾಂತರ ಎನಿಸುವುದಿಲ್ಲ. ತೋಟದೊಳಗಿನ ಬಂಗಲೆಯ ಬೆಲೆಗೂ ಕೃಷಿ ಜಮೀನಿನ ವಿನಾಯಿತಿ ಅನ್ವಯಿಸದು, ಕ್ರಯಪತ್ರದಲ್ಲಿ ಎರಡರ ಬೆಲೆಯನ್ನೂ ಬೇರೆ ಬೇರೆ ಬರೆಸುವುದು ಸರಿ.

ನೋಂದಣಿಯ ನಂತರ

ನೋಂದಣಿಯಾದ ಕೂಡಲೇ ಕೆಲಸ ಮುಗಿಯಲಿಲ್ಲ. ಕೃಷಿ ಜಮೀನಾದರೆ ಮ್ಯುಟೇಶನ್ ಆಗಿ ಕಲಂ 9ರಲ್ಲಿ ನಿಮ್ಮ ಹೆಸರು ಬಂದ ಪಹಣಿ ಕೈಗೆ ಬರುವವರೆಗೆ ವಿಚಾರಿಸುತ್ತಿರಿ. ಮನೆಯಾದರೆ ಪಂಚಾಯಿತಿಯಲ್ಲೋ ಪುರಸಭೆ, ನಗರಸಭೆಯಲ್ಲೋ ಖಾತೆ ಬದಲಾಯಿಸಿ ನಿಮ್ಮ ಹೆಸರಿನಲ್ಲೇ ಮನೆಗಂದಾಯ ಕಟ್ಟಿ. ವಿದ್ಯುತ್ ಕಂಪನಿಯಾದ ಸೆಸ್ಕ್‌ನಲ್ಲಿ ಆರ್.ಆರ್. (ವಿದ್ಯುತ್ ಸಂಪರ್ಕದ) ನಂಬರಿನ ಹೆಸರು ಬದಲಾಯಿಸುವಾಗ ಹಿಂದಿನ ಬಾಕಿ ಮತ್ತು ಠೇವಣಿ ಎರಡನ್ನೂ ಕೇಳಿ. ಮಾರುವವರು ನೀರು, ಕರೆಂಟಿನ ಕೊನೆಯ ಬಿಲ್ಲಿನ ಪ್ರತಿ, ಟಿ.ಡಿ.ಎಸ್. ಪ್ರಮಾಣಪತ್ರ ಮತ್ತು ಕ್ರಯಪತ್ರದ ದೃಢೀಕೃತ ನಕಲು ಇಟ್ಟುಕೊಳ್ಳಲಿ, ಆದಾಯ ತೆರಿಗೆ ವಿವರ ಸಲ್ಲಿಸುವಾಗ ಇವು ಬೇಕಾಗುತ್ತವೆ. ಹೊಸ ಪಹಣಿಯಲ್ಲಿ ಹೆಸರಿನ ಕಾಗುಣಿತ, ತಂದೆಯ ಹೆಸರು, ವಿಸ್ತೀರ್ಣದ ಅಂಕಿ ಸರಿಯಿದೆಯೇ ಎಂದು ಅಂದೇ ಪರೀಕ್ಷಿಸಿ. ತಪ್ಪಿದ್ದರೆ ತಹಶೀಲ್ದಾರರಿಗೆ ತಿದ್ದುಪಡಿ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ.